ಹೊರೆಗೆ ತಕ್ಕ ಎತ್ತು, ಆಟಕ್ಕೆ ತಕ್ಕ ವಿದ್ಯುತ್ತು

ವಿಜಯಪುರ ಜಿಲ್ಲೆಯ ಕಾಖಂಡಕಿ ಎಂದೊಡನೆ ಹರಿದಾಸ ಸಾಹಿತ್ಯ ಬಲ್ಲವರಿಗೆ ಮಹಿಪತಿದಾಸರ ನೆನಪಾಗುತ್ತದೆ. ರೈತರಿಗೆ ನೆನಪಾಗುವುದು ಕಾರಹುಣ್ಣಿಮೆಯ ಬಳಿಕ ನಡೆಯುವ ಕರಿ, ಅದರಲ್ಲಿ ಓಡುವ ಎತ್ತುಗಳು. ಹೊರೆ ಎಷ್ಟು, ಎಳೆಯಲು ಎಂಥ ಎತ್ತು ಬೇಕು ಎಂಬ ಲೆಕ್ಕ ಈ ಸೀಮೆಗೆ ಹೊಸದಲ್ಲ. ಕೊಳವೆಬಾವಿಗಳು ಬಂದ ಮೇಲೆ ಅದೇ ಲೆಕ್ಕ ಪಂಪ್‌ಸೆಟ್ಟಿಗೆ ಬಂತು. ಈಗ ಅದು ಮಕ್ಕಳು ಆಟವಾಡುವ ಕಂಪ್ಯೂಟರಿಗೂ ಬಂದಿದೆ.

ಆಟದ ಕಂಪ್ಯೂಟರು ಕೊಳ್ಳುವವರು ಗ್ರಾಫಿಕ್ಸ್ ಕಾರ್ಡಿಗೆ ಸಾವಿರಾರು ರೂಪಾಯಿ ಸುರಿದು, ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಿಕ್ಕ ಹಣದಲ್ಲಿ ತರುವುದುಂಟು. ಅಂಗಡಿಯವರು 'ಎಸ್‌ಎಂಪಿಎಸ್' ಎನ್ನುವುದು ಇದನ್ನೇ. ಈ ಪೆಟ್ಟಿಗೆ ಕಳಪೆಯಾಗಿದ್ದರೆ ತಾನೊಂದೇ ಸುಡುವುದಿಲ್ಲ, ಕೆಲವೊಮ್ಮೆ ಕಾರ್ಡನ್ನೂ ಮದರ್‌ಬೋರ್ಡನ್ನೂ ಜೊತೆಗೆ ಒಯ್ಯುತ್ತದೆ. ಹಾಗಾದರೆ ಎಷ್ಟು ವ್ಯಾಟ್ ಸಾಕು? ಉತ್ತರ ಈ ಪೆಟ್ಟಿಗೆಯ ಇತಿಹಾಸದಲ್ಲಿಯೇ ಇದೆ.

ಶಿವನಸಮುದ್ರದಿಂದ ಗೋಡೆಯ ಪ್ಲಗ್ಗಿಗೆ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಬೆಳಗಿದವು. ಅಷ್ಟು ದೂರಕ್ಕೆ ಸಾಗಿಸಲು ಒತ್ತಡವನ್ನು ಏರಿಸಿ ಇಳಿಸಬೇಕು. ಪರ್ಯಾಯ ವಿದ್ಯುತ್ತಿನಲ್ಲಿ, ಅಂದರೆ ಎ.ಸಿ.ಯಲ್ಲಿ, ಈ ಕೆಲಸ ಸುಲಭ. ಇಂದಿಗೂ ಮನೆಗೆ ಬರುವುದು 230 ವೋಲ್ಟಿನ ಎ.ಸಿ. ವಿದ್ಯುತ್ತೇ. ಆದರೆ ಕಂಪ್ಯೂಟರಿನ ಒಳಭಾಗಗಳಿಗೆ ಬೇಕಾದುದು 12, 5, 3.3 ವೋಲ್ಟಿನ ಡಿ.ಸಿ. ಈ ಎರಡರ ನಡುವಿನ ಮಧ್ಯಸ್ಥನೇ ಈ ಪೆಟ್ಟಿಗೆ.

ಹಿಂದೆ ಈ ಕೆಲಸಕ್ಕೆ ಭಾರವಾದ ಟ್ರಾನ್ಸ್‌ಫಾರ್ಮರು ಬೇಕಿತ್ತು. ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತಿತ್ತು. ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹಚ್ಚಿ ಆರಿಸಿದರೆ ಚಿಕ್ಕ ಟ್ರಾನ್ಸ್‌ಫಾರ್ಮರೇ ಸಾಕು ಎಂಬುದು 'ಸ್ವಿಚ್ಡ್ ಮೋಡ್' ವಿಧಾನದ ಗುಟ್ಟು. ಈ ವಿಧಾನ ಮೊದಲೇ ಇತ್ತಾದರೂ, 1977ರ ಆಪಲ್-2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಅವರು ರೂಪಿಸಿದ ಪೆಟ್ಟಿಗೆ ಅದನ್ನು ಮನೆಯ ಮೇಜಿಗೆ ತಂದಿತು. ಅದರ ಸಾಮರ್ಥ್ಯ ಕೇವಲ 38 ವ್ಯಾಟ್.

ಏರಿದ ಹಸಿವು

1981ರ ಐಬಿಎಂ ಪಿ.ಸಿ.ಗೆ 63.5 ವ್ಯಾಟ್ ಸಾಕಾಗಿತ್ತು. 1984ರ ಎ.ಟಿ. ಮಾದರಿಗೆ ಅದು 192 ವ್ಯಾಟಿಗೆ ಏರಿತು. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಮಾನದಂಡ ತಂದಿತು. ಇಂದಿನ ಪೆಟ್ಟಿಗೆಗಳು ಅದರ ವಂಶದವೇ. ಮುಂದೆ ಹಸಿವು ಹೆಚ್ಚಿಸಿದ್ದು ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಮದರ್‌ಬೋರ್ಡಿನ ಸ್ಲಾಟು ಅದಕ್ಕೆ 75 ವ್ಯಾಟಿನವರೆಗೆ ಕೊಡಬಲ್ಲದು. ಸಾಲದಾದಾಗ 75 ವ್ಯಾಟಿನ ಆರು ಪಿನ್ನಿನ, 150 ವ್ಯಾಟಿನ ಎಂಟು ಪಿನ್ನಿನ ಪ್ರತ್ಯೇಕ ತಂತಿಗಳು ಬಂದವು. 2025ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 5090 ಕಾರ್ಡೊಂದಕ್ಕೇ 575 ವ್ಯಾಟ್ ಬೇಕು. ಐಬಿಎಂನ ಮೊದಲ ಪಿ.ಸಿ.ಯ ಒಂಬತ್ತು ಪಟ್ಟು!

ಲೆಕ್ಕ ಹಾಕುವ ಬಗೆ

ಹಾಗೆಂದು ಎಲ್ಲರಿಗೂ 1000 ವ್ಯಾಟಿನ ಪೆಟ್ಟಿಗೆ ಬೇಕಿಲ್ಲ. ಸಾಧಾರಣ ಆಟಗಳಿಗೆ ಒಪ್ಪುವ ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವ್ಯಾಟ್ ಸಾಕು. ಪ್ರೊಸೆಸರಿಗೆ ನೂರರ ಆಸುಪಾಸು, ಫ್ಯಾನು, ಡಿಸ್ಕು ಇತ್ಯಾದಿಗೆ ಐವತ್ತು ಎಂದರೂ ಒಟ್ಟು 265 ವ್ಯಾಟ್ ಆಯಿತು. ತಯಾರಕರು ಸೂಚಿಸುವುದು 550 ವ್ಯಾಟಿನ ಪೆಟ್ಟಿಗೆ.

ಈ ಅಂತರ ಏಕೆ? ಪಂಪ್‌ಸೆಟ್ ಇರುವ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡು ಕೂಡ ಆಟದ ನಡುವೆ ಕ್ಷಣಾರ್ಧ ಹೀಗೆಯೇ ಜಿಗಿಯುತ್ತದೆ. ತಡೆಯಲಾಗದ ಪೆಟ್ಟಿಗೆ ಕಂಪ್ಯೂಟರನ್ನೇ ಆರಿಸಿಬಿಡುತ್ತದೆ. 2022ರ ಎಟಿಎಕ್ಸ್ 3.0 ಮಾನದಂಡದಲ್ಲಿ, ಪೆಟ್ಟಿಗೆ ತನ್ನ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಕಾಲ ತಾಳಬೇಕೆಂಬ ನಿಯಮ ಸೇರಿದ್ದು ಇದೇ ಕಾರಣಕ್ಕೆ.

ದೊಡ್ಡ ಪೆಟ್ಟಿಗೆ ತಂದರೆ ಕರೆಂಟ್ ಬಿಲ್ಲೂ ದೊಡ್ಡದಾಗುತ್ತದೆ ಎಂಬ ಭಯ ಬೇಡ. ಕಂಪ್ಯೂಟರು ಕೇಳಿದಷ್ಟನ್ನೇ ಅದು ಕೊಡುತ್ತದೆ. ಬಿಲ್ಲು ಏರಿಸುವುದು ಪೋಲಾಗುವ ವಿದ್ಯುತ್ತು. 400 ವ್ಯಾಟ್ ಕೊಡಲು ಶೇಕಡ 80 ದಕ್ಷತೆಯ ಪೆಟ್ಟಿಗೆ ಗೋಡೆಯಿಂದ 500 ವ್ಯಾಟ್ ಎಳೆದರೆ, ಶೇಕಡ 90 ದಕ್ಷತೆಯದು ಎಳೆಯುವುದು 444 ಮಾತ್ರ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ ಸುಮಾರು 7 ಯೂನಿಟ್ ಉಳಿತಾಯ. 2004ರಲ್ಲಿ ಆರಂಭವಾದ '80 ಪ್ಲಸ್' ಮುದ್ರೆ ಈ ದಕ್ಷತೆಯನ್ನು ಅಳೆಯುತ್ತದೆ. ಕಂಚು, ಬೆಳ್ಳಿ, ಚಿನ್ನ ಎಂಬ ದರ್ಜೆಗಳು ನಂತರ ಸೇರಿದವು. ಆದರೆ ಈ ಮುದ್ರೆ ಬಾಳಿಕೆಯ ಭರವಸೆಯಲ್ಲ.

ಲೇಬಲ್ಲಿನ ದೊಡ್ಡ ಅಂಕಿಯನ್ನು ನಂಬುವ ಮೊದಲು 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ನೋಡಬೇಕು. ಅಲ್ಲಿ 16 ಆಂಪಿಯರ್ ಇದ್ದರೆ ಸಿಗುವುದು 192 ವ್ಯಾಟ್ ಮಾತ್ರ, ಮೇಲೆ 450 ಎಂದು ಬರೆದಿದ್ದರೂ ಅಷ್ಟೇ. ಸಾಮರ್ಥ್ಯವನ್ನು ಎಷ್ಟು ಶಾಖದಲ್ಲಿ ಅಳೆದಿದ್ದಾರೆ ಎಂಬುದೂ ಮುಖ್ಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಸೀಮೆಗೆ 50 ಡಿಗ್ರಿಯಲ್ಲಿ ಅಳೆದದ್ದು ಮೇಲು. ಯುಪಿಎಸ್ ಇಡುವವರೂ ಲೆಕ್ಕ ಮರೆಯಬಾರದು, 600 ವಿ.ಎ. ಎಂದು ಮಾರುವ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಎಂಥ ಪೆಟ್ಟಿಗೆ ತಂದರೂ ಅಪಾಯ ತಪ್ಪದು.

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರವಿದೆ. ಎಷ್ಟೇ ವಿದ್ಯುತ್ತು ತಯಾರಾದರೂ ಕಂಪ್ಯೂಟರಿನ ಒಳಗೆ ಅದನ್ನು ಹದ ಮಾಡಿ ಕೊಡಬೇಕಾದುದು ಆ ಚಿಕ್ಕ ಪೆಟ್ಟಿಗೆಯೇ. ಕರಿಯಲ್ಲಿ ಓಡುವ ಎತ್ತೇ ಪ್ರತಿ ಬಂಡಿಗೂ ಬೇಕೆಂದಿಲ್ಲ. ಆದರೆ ತುಂಬಿದ ಬಂಡಿಗೆ ಬಡಕಲು ಎತ್ತು ಹೂಡಿದರೆ ನಷ್ಟವಾಗುವುದು ಬಂಡಿಯ ಒಡೆಯನಿಗೇ.