ತಂತಿ ಎಲ್ಲಿಯವರೆಗೆ ಸರಿಯಿದೆ?



ಭಾನುವಾರ ಸಂಜೆ ಏಳೂವರೆ ಎಂದರೆ ಹಾಸನದಲ್ಲಿ ಐದು ಗಂಟೆ. ನಮ್ಮ ತಾಯಿ ಕಾಫಿ ಮುಗಿಸಿ ಮೊಮ್ಮಗಳಿಗೆ ಕಾಗುಣಿತ ಹೇಳಿಕೊಡಲು ಕೂರುವ ಹೊತ್ತು. ಕಳೆದ ತಿಂಗಳು ಪಾಠದ ನಡುವೆ ಪುತ್ರಜಯಾದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಜ್ಜಿಯ ಮುಖ ಹಾಗೇ ನಿಂತುಬಿಟ್ಟಿತು. ಇಂಟರ್ನೆಟ್ ಹೋಗಿತ್ತು. ರೂಟರ್ ಆಫ್ ಮಾಡಿ ಆನ್ ಮಾಡಿದೆ, ಕಂಪನಿಯವರನ್ನು ಬೈದುಕೊಂಡೆ. ನೀವೂ ಹೀಗೆಯೇ ಮಾಡಿರುತ್ತೀರಿ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ತಂತಿ ಎಲ್ಲಿಯವರೆಗೆ ಸರಿಯಿದೆ, ಎಲ್ಲಿಂದಾಚೆಗೆ ಇಲ್ಲ?

ಈ ಪ್ರಶ್ನೆಗೆ ನಾವಿರುವ ನಾಡಿನಲ್ಲಿ ಒಂದೂವರೆ ಶತಮಾನದ ಇತಿಹಾಸವಿದೆ. ಮಲಯ ಕಾಡುಗಳಲ್ಲಿ ತಾಬಾನ್ ಎಂಬ ಮರವಿದೆ. ಅದರ ಹಾಲು ಗಟ್ಟಿಯಾದರೆ ಗಟ್ಟಾಪರ್ಚಾ. ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ಆರಿದರೆ ಬಿಗಿಯಾಗುತ್ತದೆ, ಸಮುದ್ರದ ನೀರಿನಲ್ಲೂ ಕೆಡುವುದಿಲ್ಲ. ಸಿಂಗಾಪುರದಲ್ಲಿದ್ದ ವೈದ್ಯ ವಿಲಿಯಂ ಮಾಂಟ್ಗೊಮೆರಿ 1843ರಲ್ಲಿ ಇದರ ಮಾದರಿಯನ್ನು ಲಂಡನ್ನಿಗೆ ಕಳಿಸಿದರು. ಮುಂದೆ ಕಡಲಡಿಯ ಬಹುತೇಕ ಟೆಲಿಗ್ರಾಫ್ ತಂತಿಗಳಿಗೆ ಇದೇ ಹೊದಿಕೆಯಾಯಿತು. ಅದಕ್ಕಾಗಿ ಲೆಕ್ಕವಿಲ್ಲದಷ್ಟು ಮರಗಳು ಉರುಳಿದವು. 1870ರ ಕೊನೆಯ ಹೊತ್ತಿಗೆ ಮದ್ರಾಸಿನಿಂದ ಪೆನಾಂಗಿಗೆ ತಂತಿ ಹಾಸಿಯಾಗಿತ್ತು. 1871ರ ಆರಂಭದಲ್ಲಿ ಸಿಂಗಾಪುರವೂ ಅದಕ್ಕೆ ಸೇರಿತು. ಹಡಗಿನಲ್ಲಿ ದಿನಗಟ್ಟಲೆ ಸಾಗಬೇಕಿದ್ದ ಸುದ್ದಿ ಬಂಗಾಳ ಕೊಲ್ಲಿಯನ್ನು ಅಂದೇ ದಾಟತೊಡಗಿತು.

ಆ ತಂತಿ ಕಡಲ ತಳದಲ್ಲಿ ತುಂಡಾದರೆ ಹುಡುಕುವುದು ಹೇಗೆ? ದಡದ ಕಚೇರಿಯಲ್ಲೇ ಕುಳಿತು ತಂತಿಯ ವಿದ್ಯುತ್ ರೋಧವನ್ನು ಅಳೆಯುತ್ತಿದ್ದರು. ಒಂದು ಮೈಲಿ ತಂತಿಗೆ ರೋಧ ಎಷ್ಟೆಂದು ಮೊದಲೇ ಗೊತ್ತು. ಹಾಗಾಗಿ ಅಳತೆ ಎಷ್ಟು ಬಂತೋ ಅದರಿಂದ ದೂರವನ್ನು ಲೆಕ್ಕ ಹಾಕಬಹುದಿತ್ತು. ಹಡಗು ಆ ಜಾಗಕ್ಕೆ ಹೋಗಿ, ಕೊಕ್ಕೆ ಇಳಿಸಿ, ತಂತಿಯನ್ನು ಮೇಲೆತ್ತಿ, ಎರಡೂ ಕಡೆಗೆ ಪರೀಕ್ಷೆ ಮಾಡುತ್ತಿತ್ತು. ಸರಿಯಿದ್ದ ಕಡೆಯನ್ನು ಬಿಟ್ಟು, ಕೆಟ್ಟ ಕಡೆಗೆ ಹುಡುಕುತ್ತಾ ಸಾಗುತ್ತಿತ್ತು.

ಈಗ ಕಡಲಡಿಯಲ್ಲಿ ತಾಮ್ರದ ಬದಲು ಗಾಜಿನ ಎಳೆ ಇದೆ. ಅದರೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಳಕಿನ ಒಂದು ಮಿಡಿತ ಕಳಿಸಿ, ಅದು ಪ್ರತಿಫಲಿಸಿ ಮರಳಲು ಹಿಡಿದ ಸಮಯದಿಂದ ತುಂಡಾದ ಜಾಗವನ್ನು ತಿಳಿಯುತ್ತಾರೆ. ಆದರೆ ದುರಸ್ತಿಗೆ ಇಂದಿಗೂ ಹಡಗು ಬೇಕು, ಕೊಕ್ಕೆಯೂ ಬೇಕು. 2006ರ ಡಿಸೆಂಬರ್ 26ರಂದು ತೈವಾನಿನ ದಕ್ಷಿಣಕ್ಕೆ ಭೂಕಂಪವಾಗಿ ಹಲವು ಕೇಬಲ್‌ಗಳು ತುಂಡಾದಾಗ ಮಲೇಷ್ಯಾದಲ್ಲೂ ಇಂಟರ್ನೆಟ್ ಕುಂಟಿತು. ದುರಸ್ತಿಗೆ ವಾರಗಳೇ ಹಿಡಿದವು.

ಹೀಗೆ ಕೂಗಿ ಮರುದನಿಗೆ ಕಾಯುವ ಉಪಾಯವನ್ನೇ ಮೈಕ್ ಮೂಸ್ ಎಂಬ ಅಮೆರಿಕನ್ನರು 1983ರಲ್ಲಿ ಕಂಪ್ಯೂಟರಿಗೆ ತಂದರು. ಅವರು ಬರೆದ ಪುಟ್ಟ ಪ್ರೋಗ್ರಾಮಿನ ಹೆಸರು 'ಪಿಂಗ್'. ನೀರೊಳಗಿನ ವಸ್ತುಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ಸದ್ದೇ ಆ ಹೆಸರಾಯಿತು. ಅದು ನಿಮ್ಮ ಕಂಪ್ಯೂಟರಿನಲ್ಲೂ ಇದೆ.

ನಿಮ್ಮ ಮನೆಯಲ್ಲಿ ಹೀಗೆ ನೋಡಿ. ಗೋಡೆಯ ಫೈಬರ್ ಪೆಟ್ಟಿಗೆಯಲ್ಲಿ 'ಲಾಸ್' ದೀಪ ಕೆಂಪಗಿದ್ದರೆ ಹೊರಗಿನ ಬೆಳಕೇ ನಿಮ್ಮ ಮನೆ ತಲುಪುತ್ತಿಲ್ಲ. ಆಗ ಕಂಪನಿಗೆ ಫೋನ್ ಮಾಡಿ. ಇಲ್ಲದಿದ್ದರೆ ಮೊಬೈಲಿನಲ್ಲಿ ಅದೇ ವೈಫೈ ನಡೆಯುತ್ತಿದೆಯೇ ನೋಡಿ. ನಡೆಯುತ್ತಿದ್ದರೆ ತೊಂದರೆ ಇರುವುದು ಕಂಪ್ಯೂಟರಿನ ಕಡೆಗೆ. ಅದರ ವಿಳಾಸ 169.254 ಎಂದು ಶುರುವಾದರೆ, ರೂಟರ್‌ನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಸಿಕ್ಕಿದ್ದರೆ ಮೊದಲು ರೂಟರ್‌ಗೆ ಪಿಂಗ್ ಮಾಡಿ, ಆಮೇಲೆ ಹೊರಗಿನ 8.8.8.8ಕ್ಕೆ. ಎರಡೂ ಉತ್ತರ ಕೊಟ್ಟು, ಹೆಸರು ಟೈಪ್ ಮಾಡಿದ ತಾಣಗಳು ಮಾತ್ರ ತೆರೆಯದಿದ್ದರೆ ಕೆಟ್ಟಿರುವುದು ತಂತಿಯಲ್ಲ, ಹೆಸರನ್ನು ಸಂಖ್ಯೆಯಾಗಿಸುವ ಡಿಎನ್‌ಎಸ್ ಇರಬಹುದು. ಅದು ಹುಟ್ಟಿದ್ದೂ 1983ರಲ್ಲೇ.

ಆ ಸಂಜೆ ನಮ್ಮಲ್ಲಿ ಕೆಂಪು ದೀಪ ಇರಲಿಲ್ಲ, ಮೊಬೈಲ್ ಸರಿಯಿತ್ತು, ಕಂಪ್ಯೂಟರಿನ ವಿಳಾಸ ಮಾತ್ರ 169.254. ಬಗ್ಗಿ ನೋಡಿದರೆ, ಬೆಳಿಗ್ಗೆ ನಾನೇ ಗುಡಿಸುವಾಗ ಪೊರಕೆ ತಗುಲಿ ಕೇಬಲ್ ಸಡಿಲವಾಗಿತ್ತು! ಬಂಗಾಳ ಕೊಲ್ಲಿಯಲ್ಲಿ ಎಲ್ಲವೂ ಸರಿಯಿತ್ತು. ತಪ್ಪಿದ್ದದ್ದು ಮೇಜಿನ ಕೆಳಗೆ. ಒತ್ತಿ ಸಿಕ್ಕಿಸಿದೆ. ಅಜ್ಜಿ ಅಲ್ಲೇ ಕಾಯುತ್ತಿದ್ದರು. "ಕೋಪ ಮಾಡ್ಕೊಂಡು ಇಟ್ಬಿಟ್ರೇನೋ ಅಂದ್ಕೊಂಡೆ," ಎಂದರು.

ಹಳೆಯ ಟೆಲಿಗ್ರಾಫ್ ಕಚೇರಿಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ತಂತಿ ಸರಿಯಿದ್ದಾಗಲೇ ಅದರ ಅಳತೆಗಳನ್ನು ಬರೆದಿಡುತ್ತಿದ್ದರು. ಕೆಟ್ಟ ದಿನ ಹೋಲಿಸಿ ನೋಡಲು ಅದೇ ಆಧಾರ. ಇಂಟರ್ನೆಟ್ ಹೋದಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಲಾಗುವುದಿಲ್ಲವಲ್ಲ! ಆದ್ದರಿಂದ ಇಂದೇ ಒಂದು ಚೀಟಿಯಲ್ಲಿ ನಿಮ್ಮ ರೂಟರ್‌ನ ವಿಳಾಸ, ಸರಿಯಿದ್ದಾಗ ಉರಿಯುವ ದೀಪಗಳ ಬಣ್ಣ, ದೂರು ಕೊಡುವ ಫೋನ್ ನಂಬರ್ ಬರೆದು ರೂಟರ್‌ಗೆ ಅಂಟಿಸಿಡಿ. ಮಕ್ಕಳಿಂದಲೇ ಬರೆಸಿ, ಕನ್ನಡದಲ್ಲಿ.