ಮೋಡಿಯ ಓದು ಮತ್ತು ಸ್ಮೃತಿಯ ಭಾರ: ಅಥಣಿ ಸೀಮೆಯ ಶಿಕ್ಷಣೇತಿಹಾಸದ ಒಂದು ಪ್ರಶ್ನೆ

ಅಥಣಿ ತಾಲೂಕಿನ ತೆಲಸಂಗವು ಕನ್ನಡ-ಮರಾಠಿಗಳ ಗಡಿಸೀಮೆಯ ಊರು. ಪೇಶ್ವೆಯರ ಆಳಿಕೆಯು 1818ರಲ್ಲಿ ಕೊನೆಗೊಂಡರೂ ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳ ಕಚೇರಿ-ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವು ಬಹುಕಾಲ ಉಳಿಯಿತು. ಈ ಸಂಗತಿಯನ್ನು ಸಾಮಾನ್ಯವಾಗಿ ಭಾಷಾಭಿಮಾನದ ದೃಷ್ಟಿಯಿಂದ ವಿವೇಚಿಸಲಾಗುತ್ತದೆ. ಮನೆಯಲ್ಲಿ ಕನ್ನಡವಾಡುತ್ತ ಶಾಲೆಯಲ್ಲಿ ಮರಾಠಿಯನ್ನೋದಿದ ಬಾಲಕನ ಮನಸ್ಸಿನ ಮೇಲೆ ಬಿದ್ದ ಹೊರೆ ಎಂತಹದು ಎಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಓದುಗನು ಹಿಂದಿನ ಪದಗಳನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಮುಂದಿನವುಗಳನ್ನು ಗ್ರಹಿಸಬೇಕು. ಕನ್ನಡ, ಮರಾಠಿಗಳೆರಡರಲ್ಲಿಯೂ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಇದು ಇನ್ನೂ ಅವಶ್ಯ. ಈ ಶಕ್ತಿಗೆ ಕಾರ್ಯಸ್ಮೃತಿ ಎನ್ನಬಹುದು. ಬ್ಯಾಡ್ಲಿ ಮತ್ತು ಹಿಚ್ ಎಂಬ ವಿದ್ವಾಂಸರು 1974ರಲ್ಲಿ ಇದರ ಸ್ವರೂಪವನ್ನು ನಿರೂಪಿಸಿದರು. ವಾಕ್ಯಗಳನ್ನು ಓದುತ್ತಲೇ ಪ್ರತಿಯೊಂದರ ಕೊನೆಯ ಪದವನ್ನು ಹೆಚ್ಚಾಗಿ ನೆನಪಿಡಬಲ್ಲವರು ಓದಿದ್ದನ್ನು ಹೆಚ್ಚು ಚೆನ್ನಾಗಿ ಗ್ರಹಿಸುತ್ತಾರೆಂದು ಡೇನ್‌ಮನ್ ಮತ್ತು ಕಾರ್ಪೆಂಟರ್ 1980ರಲ್ಲಿ ತೋರಿಸಿದರು. ಶಕ್ತಿಯು ಪರಿಮಿತವಾದುದು, ಅಪರಿಚಿತ ಪದಗಳನ್ನು ಬಿಡಿಸುವುದರಲ್ಲಿಯೇ ಅದು ವ್ಯಯವಾದರೆ ಅರ್ಥಕ್ಕೆ ಉಳಿಯುವುದು ಸ್ವಲ್ಪವೇ.

ಮರಾಠಿ ಕಾಗದಪತ್ರಗಳ ಮೋಡಿ ಲಿಪಿಯನ್ನು ಈ ದೃಷ್ಟಿಯಿಂದ ಪರೀಕ್ಷಿಸಬೇಕು. ಅದರಲ್ಲಿ ಪದಗಳ ನಡುವೆ ತೆರಪಿಲ್ಲ. ಇಕಾರ, ಉಕಾರಗಳ ಹ್ರಸ್ವದೀರ್ಘ ಭೇದವನ್ನೂ ಸಾಮಾನ್ಯವಾಗಿ ತೋರಿಸುವುದಿಲ್ಲ. ಬರೆಯುವವನ ಕೈಗೆ ಇದರಿಂದ ವೇಗ ಬಂದಿತು. ಓದುವವನು ಮಾತ್ರ ಪದವೆಲ್ಲಿ ಮುಗಿಯಿತೆಂಬುದನ್ನು ತನ್ನ ಭಾಷಾಜ್ಞಾನದಿಂದಲೇ ನಿರ್ಣಯಿಸಬೇಕಾಯಿತು. ಮರಾಠಿ ಮನೆಮಾತಿನವನಿಗೆ ಕಿವಿಯ ಪರಿಚಯವೇ ನೆರವಾಗುತ್ತಿತ್ತು. ಕನ್ನಡ ಬಾಲಕನಿಗೆ ಆ ಆಸರೆಯಿರಲಿಲ್ಲ.

ಕನ್ನಡ ಲಿಪಿಯೇನೂ ಸುಲಭವಾದುದಲ್ಲ. ಗುಣಿತ, ಒತ್ತಕ್ಷರಗಳ ಕಲಿಕೆಗೆ ಹಲವು ವರ್ಷಗಳು ಬೇಕಾಗುವುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನವು ತೋರಿಸಿದೆ. ಆದರೆ ಅಕ್ಷರ ಕೂಡಿಸಿದೊಡನೆ ಹೊರಡುವ ಪದವು ಮನೆಯಲ್ಲಿ ಕೇಳಿದ ಪದವೇ ಆಗಿದ್ದರೆ ಶ್ರಮವು ಸಾರ್ಥಕವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪರಿಶ್ರಮವು ಅಭಿಮಾನದ ಕಾರ್ಯವಾಗಿದ್ದಂತೆಯೇ ಬಾಲಕರ ಹೊರೆಯನ್ನಿಳಿಸಿದ ಕಾರ್ಯವೂ ಆಗಿತ್ತೆಂದು ನಮ್ಮ ಮತ.

ಇದರಿಂದ ಎರಡನೆಯ ನುಡಿಯ ಕಲಿಕೆಯು ತ್ಯಾಜ್ಯವೆಂದು ಸಿದ್ಧವಾಗುವುದಿಲ್ಲ. ಮಾತಿನ ಪರಿಚಯವು ಓದಿಗಿಂತ ಮುಂದಾಗಿರಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ. ಗಡಿಸೀಮೆಯ ಹಳೆಯ ಶಾಲಾ ದಾಖಲೆಗಳನ್ನು ಪರಿಶೋಧಿಸುವವರು ಶಾಲೆಗಳ ಸಂಖ್ಯೆಯೊಡನೆ ಅಲ್ಲಿ ಕಲಿಸಿದ ನುಡಿ ಯಾವುದು, ಲಿಪಿ ಯಾವುದು, ಮಕ್ಕಳ ಮನೆಮಾತು ಯಾವುದು ಎಂಬುದನ್ನೂ ಗುರುತಿಸಬೇಕು. ಅಂತಹ ದಾಖಲೆಯಲ್ಲಿ ಮಂದಬುದ್ಧಿಯವನೆನಿಸಿಕೊಂಡ ಬಾಲಕನು ಕೇವಲ ಇಮ್ಮಡಿ ಹೊರೆ ಹೊತ್ತವನಾಗಿದ್ದಿರಬಹುದು.