ಹೆಸರು ಕಳೆದುಕೊಂಡ ಎರಡು ರೋಗಾಣುಗಳು

1986ರಲ್ಲಿ ಇಸ್ರೇಲಿನ ಮೀನು ಸಾಕಣೆದಾರರಿಗೆ ಹೊಸ ಸಂಕಟವೊಂದು ಎದುರಾಯಿತು. ಸಾಕಿದ ತಿಲಾಪಿಯಾ ಮತ್ತು ಟ್ರೌಟ್ ಮೀನುಗಳು ದಿಕ್ಕು ತಪ್ಪಿದಂತೆ ಗಿರಗಿರನೆ ಸುತ್ತಿ ಸಾಯತೊಡಗಿದವು. ರೋಗ ತಗಲಿದ್ದು ಮಿದುಳಿಗೆ. ಕಾರಣ, ಸರಪಳಿಯಂತೆ ಹೆಣೆದುಕೊಂಡ ದುಂಡನೆಯ ಬ್ಯಾಕ್ಟೀರಿಯಾ. ಅಂದರೆ ಸ್ಟ್ರೆಪ್ಟೊಕಾಕಸ್ ಕುಲದ್ದು. ಆದರೆ ಆ ದೊಡ್ಡ ಕುಲದಲ್ಲಿ ಇದು ಯಾವ ಪ್ರಭೇದ?

ಹುಲಿ, ಚಿರತೆಗಳಂತೆ ಬ್ಯಾಕ್ಟೀರಿಯಾವನ್ನು ಕಣ್ಣಿಂದ ನೋಡಿ ಗುರುತಿಸಲಾಗದು. ಅದು ಯಾವ ಸಕ್ಕರೆಯನ್ನು ಹುಳಿಯಾಗಿಸುತ್ತದೆ, ರಕ್ತ ಬೆರೆಸಿದ ಅಗಾರ್ ಮೇಲೆ ಬೆಳೆಸಿದಾಗ ಕೆಂಪು ರಕ್ತಕಣಗಳನ್ನು ಒಡೆಯುತ್ತದೆಯೇ ಎಂದೆಲ್ಲ ಪರೀಕ್ಷಿಸಬೇಕು. ಕೊನೆಯ ಮಾತು ಡಿಎನ್‌ಎಯದು. ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎ ಎಳೆಗಳನ್ನು ಬಿಡಿಸಿ ಬೆರೆಸಿದಾಗ ಶೇ 70 ಅಥವಾ ಅದಕ್ಕಿಂತ ಹೆಚ್ಚು ಕೂಡಿಕೊಂಡರೆ ಎರಡೂ ಒಂದೇ ಪ್ರಭೇದವೆಂದು 1987ರಲ್ಲಿ ತಜ್ಞರ ಸಮಿತಿಯೊಂದು ಹೇಳಿತ್ತು. ಹೋಲಿಸಿ ನೋಡಲು ಹಳೆಯ ಪ್ರಭೇದಗಳೆಲ್ಲ ಕೈಯಲ್ಲಿರಬೇಕು ಎಂಬುದೇ ಇಲ್ಲಿನ ತೊಡಕು.

ಎಲ್ದಾರ್, ಬರ್ಕೊವಿಯರ್ ಮತ್ತವರ ಸಹೋದ್ಯೋಗಿ 1994ರಲ್ಲಿ ಎರಡು ಹೊಸ ಪ್ರಭೇದಗಳನ್ನು ಪ್ರಕಟಿಸಿದರು: ಸ್ಟ್ರೆಪ್ಟೊಕಾಕಸ್ ಶಿಲೋಯಿ ಮತ್ತು ಸ್ಟ್ರೆಪ್ಟೊಕಾಕಸ್ ಡಿಫಿಸಿಲೆ. ಲ್ಯಾಟಿನ್‌ನಲ್ಲಿ ಡಿಫಿಸಿಲೆ ಎಂದರೆ ಕಷ್ಟ. ಅದು ಅನ್ವರ್ಥನಾಮವೇ ಆಯಿತೆನ್ನಬೇಕು.

ಮೊದಲ ಹೆಸರು ಒಂದೇ ವರ್ಷ ಬಾಳಿತು. ಅಮೆಜಾನ್ ಪ್ರದೇಶದ ಸಿಹಿನೀರಿನ ಡಾಲ್ಫಿನ್‌ನಿಂದ ಬೇರ್ಪಡಿಸಿ 1976ರಲ್ಲೇ ಹೆಸರಿಸಿದ್ದ ಸ್ಟ್ರೆಪ್ಟೊಕಾಕಸ್ ಇನಿಯೆ ಎಂಬುದೂ ಶಿಲೋಯಿಯೂ ಒಂದೇ ಎಂದು 1995ರಲ್ಲಿ ಎಲ್ದಾರ್ ಅವರೇ ಇತರರೊಡನೆ ಸೇರಿ ತೋರಿಸಿದರು. ತಾವೇ ಇಟ್ಟ ಹೆಸರನ್ನು ತಾವೇ ಅಳಿಸುವುದು ಸಣ್ಣ ಮಾತಲ್ಲ. ನಾಮಕರಣದ ನಿಯಮದಂತೆ ಹಿರಿಯ ಹೆಸರು ಉಳಿಯಿತು.

ಎರಡನೆಯದರ ಕಥೆ ಇನ್ನೂ ಸ್ವಾರಸ್ಯಕರ. ಜೀವಕೋಶದ ಪ್ರೋಟೀನುಗಳನ್ನು ಹೋಲಿಸಿದ ವಂದಾಮ್ ಮತ್ತು ಸಂಗಡಿಗರು, ಡಿಫಿಸಿಲೆ ಹೊಸತೇನಲ್ಲ, ಅದು ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂದು 1997ರಲ್ಲಿ ವರದಿ ಮಾಡಿದರು. ಅಂದರೆ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ. ಹಸುಗಳಿಗೆ ಕೆಚ್ಚಲು ಬಾವು ತಂದು ಹಾಲು ಬತ್ತಿಸುವುದರಿಂದಲೇ ಅದಕ್ಕೆ ಆ ಹೆಸರು. ನವಜಾತ ಶಿಶುಗಳಲ್ಲಿ ಮಿದುಳು ಪೊರೆಯ ಉರಿಯೂತ ತರುವುದೂ ಇದೇ ಪ್ರಭೇದ. ಈ ಬಳಗದವು ಸಾಮಾನ್ಯವಾಗಿ ರಕ್ತಕಣಗಳನ್ನು ಒಡೆಯುತ್ತವೆ. ಮೀನಿನಲ್ಲಿ ಸಿಕ್ಕಿದ್ದು ಒಡೆಯುತ್ತಿರಲಿಲ್ಲ.

ಇದು ಬರೀ ಹೆಸರಿನ ಜಗಳವಲ್ಲ. ವೈದ್ಯರು, ಲಸಿಕೆ ತಯಾರಿಸುವವರು ಹಿಂದಿನ ಅನುಭವವನ್ನು ಹುಡುಕುವುದು ಹೆಸರಿನ ಮೂಲಕವೇ. 1995–96ರ ಚಳಿಗಾಲದಲ್ಲಿ ಕೆನಡಾದ ಟೊರಾಂಟೊದಲ್ಲಿ ನಾಲ್ವರು ಇನಿಯೆ ಸೋಂಕಿಗೆ ತುತ್ತಾದರು. ವರ್ಷದೊಳಗೆ ಸಂಖ್ಯೆ 9 ಆಯಿತು. ಅವರೆಲ್ಲ ತಾಜಾ ಮೀನನ್ನು ಅಡುಗೆಗೆ ಹಸನು ಮಾಡಿದವರು. ಸಿಂಗಪುರದಲ್ಲಿ 2015ರಲ್ಲಿ ಹಸಿ ಮೀನು ತಿಂದವರಿಗೆ ಕಾಯಿಲೆ ತಂದದ್ದು ಅಗಲಾಕ್ಟಿಯೆಯ ಒಂದು ತಳಿ.

ಇತ್ತ ಇಸ್ರೇಲಿನ ಟ್ರೌಟ್ ಮೀನುಗಳಿಗೆ ಇನಿಯೆ ವಿರುದ್ಧ ಲಸಿಕೆ ಹಾಕಲಾಯಿತು. ಸಾವು ಇಳಿಯಿತು. ಕೆಲವೇ ವರ್ಷಗಳಲ್ಲಿ ಲಸಿಕೆ ಪಡೆದ ಮೀನುಗಳೂ ಮತ್ತೆ ಸಾಯತೊಡಗಿದವು. ಅದೇ ಪ್ರಭೇದದ ಇನ್ನೊಂದು ಬಗೆ ಕೊಳಕ್ಕೆ ಇಳಿದಿತ್ತು.